ಬ್ಯಾಂಕಿಗೂ ಒಂದು ಮರಣಶಾಸನ

ಮನೆಯ ಯಜಮಾನ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ ಉಯಿಲಿನ ಮಾತೆತ್ತಿದರೆ ಅಪಶಕುನವೆಂದು ಮುಖ ತಿರುಗಿಸುವವರೇ ನಮ್ಮಲ್ಲಿ ಹೆಚ್ಚು. ಆದರೆ ಉಯಿಲು ಬರೆಯದೆ ಕಣ್ಮುಚ್ಚಿದವರ ಮನೆಯಲ್ಲಿ ಏನಾಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ದಾಯಾದಿಗಳು ಪಹಣಿ, ಪತ್ರಗಳ ಪೆಟ್ಟಿಗೆ ಹುಡುಕುತ್ತಾರೆ. ಕೋರ್ಟಿನ ಮೆಟ್ಟಿಲೇರಿದ ವ್ಯಾಜ್ಯ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಉಯಿಲಿಗೆ ಕನ್ನಡದಲ್ಲಿ ಮರಣಶಾಸನ ಎಂಬ ಗಂಭೀರವಾದ ಹೆಸರೊಂದಿದೆ. ಸತ್ತ ಮೇಲೆ ಯಾರಿಗೆ ಏನು ಸೇರಬೇಕು ಎಂಬುದನ್ನು ಬದುಕಿರುವಾಗಲೇ ಗೊತ್ತುಮಾಡಿಡುವ ಕಾಗದ ಅದು.

ಜಗತ್ತಿನ ಅತಿ ದೊಡ್ಡ ಬ್ಯಾಂಕುಗಳು ಇಂದು ಇಂಥದೊಂದು ಕಾಗದವನ್ನು ಬರೆದಿಡಲೇಬೇಕು. ಅವುಗಳಿಗೆ ಸಾವು ಬಂದರೆ ಯಾವ ಅಂಗವನ್ನು ಯಾರು ವಹಿಸಿಕೊಳ್ಳಬೇಕು, ಯಾವ ದೇಶದ ಅಧಿಕಾರಿ ಮೊದಲು ಕೈಹಾಕಬೇಕು, ನಷ್ಟವನ್ನು ಯಾರು ಹೊರಬೇಕು ಎಂಬುದೆಲ್ಲ ಅದರಲ್ಲಿರಬೇಕು. ಇಂಗ್ಲಿಷಿನ ಪತ್ರಿಕೆಗಳು ಅದನ್ನು 'ಲಿವಿಂಗ್ ವಿಲ್' ಎಂದು ಕರೆಯುತ್ತವೆ. ಬ್ಯಾಂಕು ಚೆನ್ನಾಗಿರುವಾಗ ಅದರ ಉತ್ತರಕ್ರಿಯೆಯ ಲೆಕ್ಕ ಹಾಕುವ ಈ ವಿಚಿತ್ರ ಪದ್ಧತಿ ಹೇಗೆ ಬಂತು? ಸಾವು ನಿಜವಾಗಿ ಬಾಗಿಲಿಗೆ ಬಂದಾಗ ಆ ಕಾಗದವನ್ನು ಯಾರಾದರೂ ತೆರೆದು ನೋಡಿದರೇ? ಐವತ್ತು ವರ್ಷಗಳ ಈ ಕಥೆ ಹಣಕಾಸಿನ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಉಳಿತಾಯ ಖಾತೆ ಇಟ್ಟಿರುವ, ತೆರಿಗೆ ಕಟ್ಟುವ ಎಲ್ಲರ ಜೇಬಿಗೂ ಅದು ಸಂಬಂಧಿಸಿದೆ.

ಅಂಗಡಿಯಂತೆ ಬಾಗಿಲು ಹಾಕಲಾಗದು

ಬಟ್ಟೆ ಅಂಗಡಿಯೊಂದು ನಷ್ಟಕ್ಕೆ ಬಿದ್ದರೆ ಬಾಗಿಲು ಹಾಕಬಹುದು. ಉಳಿದ ಸರಕನ್ನು ಹರಾಜು ಹಾಕಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಿದರೆ ಅಲ್ಲಿಗೆ ಮುಗಿಯಿತು. ಪಕ್ಕದ ಅಂಗಡಿಯವನಿಗೆ ಗಿರಾಕಿಗಳು ಹೆಚ್ಚಿ ಲಾಭವೇ ಆದೀತು. ಬ್ಯಾಂಕಿನ ಸಂಗತಿ ಹಾಗಲ್ಲ. ಅದು ನಾವು ಕೇಳಿದ ಕ್ಷಣ ಹಿಂದಿರುಗಿಸುತ್ತೇನೆಂದು ಹಣ ಪಡೆಯುತ್ತದೆ. ಅದೇ ಹಣವನ್ನು ಹತ್ತಿಪ್ಪತ್ತು ವರ್ಷಗಳ ಅವಧಿಗೆ ಸಾಲ ಕೊಡುತ್ತದೆ. ಎಲ್ಲರೂ ಒಂದೇ ದಿನ ಬಂದು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ವ್ಯವಹಾರ ನಿಂತಿದೆ. ನಂಬಿಕೆ ಅಲುಗಿದರೆ ಗಟ್ಟಿಯಾದ ಬ್ಯಾಂಕೂ ಕೆಲವೇ ದಿನಗಳಲ್ಲಿ ಬರಿದಾಗುತ್ತದೆ.

ಇದರ ಮೇಲೆ, ಒಂದು ಬ್ಯಾಂಕು ಇನ್ನೊಂದಕ್ಕೆ ಕೊಡಬೇಕಾದದ್ದು ಸದಾ ಇರುತ್ತದೆ. ಕಾರ್ಖಾನೆಯ ಸಂಬಳ, ರಫ್ತುದಾರನ ಹುಂಡಿ, ಪಿಂಚಣಿ ನಿಧಿಯ ಹೂಡಿಕೆ ಎಲ್ಲವೂ ಅದರ ಕಾಲುವೆಗಳಲ್ಲಿ ಹರಿಯುತ್ತಿರುತ್ತವೆ. ಹೀಗಾಗಿ ಬ್ಯಾಂಕು ಸತ್ತರೂ ಅದರ ಕೆಲವು ಕೆಲಸಗಳು ನಿಲ್ಲುವಂತಿಲ್ಲ. ಹಲವು ದೇಶಗಳಲ್ಲಿ ಹರಡಿಕೊಂಡ ಬ್ಯಾಂಕಾದರೆ ತೊಡಕು ಇನ್ನೂ ಹೆಚ್ಚು. ಬದುಕಿರುವಾಗ ಅದಕ್ಕೆ ಗಡಿಗಳಿಲ್ಲ. ನ್ಯೂಯಾರ್ಕಿನಲ್ಲಿ ಪಡೆದ ಹಣ ಸಂಜೆಯೊಳಗೆ ಲಂಡನ್ನಿನಲ್ಲಿ ಸಾಲವಾಗಬಹುದು. ಆದರೆ ದಿವಾಳಿಯ ಕಾನೂನು ಒಂದೊಂದು ದೇಶಕ್ಕೆ ಒಂದೊಂದು. ಇಂಥ ಬ್ಯಾಂಕುಗಳು ಜಗತ್ತಿಗೆಲ್ಲ ಸೇರಿ ಬದುಕುತ್ತವೆ, ದೇಶದೇಶಕ್ಕೆ ಹರಿದು ಹಂಚಿಹೋಗಿ ಸಾಯುತ್ತವೆ ಎಂಬ ಮಾತು ಹಣಕಾಸಿನ ವಲಯದಲ್ಲಿ ಗಾದೆಯಂತೆ ಬಳಕೆಯಲ್ಲಿದೆ.

ಕೊಲೋನ್ ನಗರದ ಆ ಮಧ್ಯಾಹ್ನ

ಈ ತೊಡಕು ಮೊದಲ ಬಾರಿಗೆ ಎದ್ದು ಕಂಡದ್ದು 1974ರ ಜೂನ್ 26ರಂದು, ಪಶ್ಚಿಮ ಜರ್ಮನಿಯ ಕೊಲೋನ್ ನಗರದಲ್ಲಿ. ಹೆರ್‌ಷ್ಟಾಟ್ ಎಂಬ ಖಾಸಗಿ ಬ್ಯಾಂಕು ವಿದೇಶಿ ವಿನಿಮಯದ ಜೂಜಿನಲ್ಲಿ ಕೈ ಸುಟ್ಟುಕೊಂಡಿತ್ತು. ಜರ್ಮನಿಯ ಅಧಿಕಾರಿಗಳು ಅಂದಿನ ವ್ಯವಹಾರ ಮುಗಿಯುವವರೆಗೆ ಕಾದು ಅದರ ಪರವಾನಗಿ ರದ್ದು ಮಾಡಿದರು. ಅವರ ದೃಷ್ಟಿಯಲ್ಲಿ ಅದು ಅಚ್ಚುಕಟ್ಟಾದ ಕೆಲಸ. ಆದರೆ ಕೊಲೋನಿನಲ್ಲಿ ಮಧ್ಯಾಹ್ನ ಕಳೆಯುತ್ತಿದ್ದಾಗ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಹತ್ತೂವರೆಯ ಸುಮಾರು. ಹಲವು ಬ್ಯಾಂಕುಗಳು ಅಂದು ಬೆಳಗ್ಗೆಯೇ ಹೆರ್‌ಷ್ಟಾಟ್‌ಗೆ ಜರ್ಮನ್ ಮಾರ್ಕುಗಳನ್ನು ಪಾವತಿ ಮಾಡಿ, ಪ್ರತಿಯಾಗಿ ನ್ಯೂಯಾರ್ಕಿನಲ್ಲಿ ಬರಬೇಕಿದ್ದ ಡಾಲರುಗಳಿಗಾಗಿ ಕಾಯುತ್ತಿದ್ದವು. ಮಾರ್ಕುಗಳು ಹೋಗಿದ್ದವು, ಡಾಲರುಗಳು ಬರಲಿಲ್ಲ.

ಹೆರ್‌ಷ್ಟಾಟ್ ದೊಡ್ಡ ಬ್ಯಾಂಕೇನೂ ಆಗಿರಲಿಲ್ಲ. ಆದರೂ ಅದರ ಸಾವಿನಿಂದ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಬ್ಯಾಂಕುಗಳು ಪರಸ್ಪರ ಹಣ ಕೊಡಲು ಹಿಂಜರಿದವು. ಒಬ್ಬರು ಕೊಟ್ಟ ಮೇಲೆ ಇನ್ನೊಬ್ಬರು ಕೊಡುವ ಮುನ್ನ ಸಂಭವಿಸುವ ಈ ಅಪಾಯಕ್ಕೆ ಇಂದಿಗೂ 'ಹೆರ್‌ಷ್ಟಾಟ್ ಅಪಾಯ' ಎಂದೇ ಹೆಸರು. ಅದೇ ವರ್ಷದ ಕೊನೆಗೆ ಶ್ರೀಮಂತ ರಾಷ್ಟ್ರಗಳ ಕೇಂದ್ರೀಯ ಬ್ಯಾಂಕುಗಳ ಗವರ್ನರುಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಒಂದು ಸಮಿತಿ ರಚಿಸಿದರು. 'ಬಾಸೆಲ್ ನಿಯಮಗಳು' ಎಂದು ಇಂದು ನಾವು ಕೇಳುವ ಕಟ್ಟುಪಾಡುಗಳ ಮೂಲ ಇದೇ. ವಿದೇಶಿ ಶಾಖೆಗಳ ಮೇಲ್ವಿಚಾರಣೆ ಯಾರ ಹೊಣೆ ಎಂಬ ಬಗ್ಗೆ 1975ರಲ್ಲಿ ಒಂದು ಒಪ್ಪಂದವೂ ಆಯಿತು.

ಆ ಒಪ್ಪಂದ ಬದುಕಿರುವ ಬ್ಯಾಂಕನ್ನು ಯಾರು ನೋಡಿಕೊಳ್ಳಬೇಕೆಂದು ಹೇಳಿತು. ಸತ್ತ ಬ್ಯಾಂಕನ್ನು ಯಾರು ಹೊರಬೇಕೆಂದು ಹೇಳಲಿಲ್ಲ. 1982ರಲ್ಲಿ ಇಟಲಿಯ ಬಾಂಕೊ ಆಂಬ್ರೊಸಿಯಾನೊ ಕುಸಿಯಿತು. ಅದರ ಅಧ್ಯಕ್ಷ ರಾಬರ್ಟೊ ಕಾಲ್ವಿಯ ಶವ ಲಂಡನ್ನಿನ ಸೇತುವೆಯೊಂದರ ಕೆಳಗೆ ನೇತಾಡುತ್ತಿತ್ತು. ಪತ್ರಿಕೆಗಳು ಈ ನಿಗೂಢ ಸಾವಿನ ಬಗ್ಗೆ ಬರೆದದ್ದೇ ಬರೆದದ್ದು. ಆದರೆ ಬ್ಯಾಂಕರುಗಳ ನಿದ್ದೆಗೆಡಿಸಿದ್ದು ಬೇರೊಂದು ಸಂಗತಿ. ಆಂಬ್ರೊಸಿಯಾನೊ ಲಕ್ಸೆಂಬರ್ಗಿನಲ್ಲಿ ಒಂದು ಅಂಗಸಂಸ್ಥೆ ಇಟ್ಟುಕೊಂಡು ಅದರ ಮೂಲಕ ಸಾಲ ಎತ್ತಿತ್ತು. ಅದು ನಮ್ಮ ನೆಲದ ಬ್ಯಾಂಕಲ್ಲ ಎಂದಿತು ಇಟಲಿ. ನಮ್ಮ ಕಾನೂನಿನ ಪ್ರಕಾರ ಅದು ಬ್ಯಾಂಕೇ ಅಲ್ಲ ಎಂದಿತು ಲಕ್ಸೆಂಬರ್ಗ್. ಸಾಲ ಕೊಟ್ಟವರು ಇಬ್ಬರ ನಡುವೆ ನಿಂತು ಬಾಯಿಬಾಯಿ ಬಿಟ್ಟರು. ಮರುವರ್ಷ ಬಾಸೆಲ್ ಒಪ್ಪಂದವನ್ನು ತಿದ್ದಬೇಕಾಯಿತು.

ಮುಂಬಯಿಗೂ ತಟ್ಟಿದ ಬಿಸಿ

ಇದಕ್ಕಿಂತ ದೊಡ್ಡ ಪಾಠ 1991ರಲ್ಲಿ ಬಂತು. ಪಾಕಿಸ್ತಾನದ ಬ್ಯಾಂಕರ್ ಆಗಾ ಹಸನ್ ಅಬೇದಿ 1972ರಲ್ಲಿ ಸ್ಥಾಪಿಸಿದ ಬಿಸಿಸಿಐ ಎಂಬ ಬ್ಯಾಂಕು ಸುಮಾರು 70 ದೇಶಗಳಿಗೆ ಹಬ್ಬಿತ್ತು. ನೋಂದಣಿ ಲಕ್ಸೆಂಬರ್ಗಿನಲ್ಲಿ, ಇನ್ನೊಂದು ಮುಖ್ಯ ಅಂಗ ಕೆರಿಬಿಯನ್ ಸಮುದ್ರದ ಕೇಮನ್ ದ್ವೀಪದಲ್ಲಿ, ಆಡಳಿತವೆಲ್ಲ ಲಂಡನ್ನಿನಲ್ಲಿ. ಇಡೀ ಬ್ಯಾಂಕನ್ನು ಒಟ್ಟಾಗಿ ನೋಡುವ ಅಧಿಕಾರಿ ಯಾವ ದೇಶದಲ್ಲೂ ಇರಲಿಲ್ಲ. ಒಳಗೆ ವಂಚನೆ ಬೆಳೆಯಲು ಅದಕ್ಕಿಂತ ಒಳ್ಳೆಯ ಗೊಬ್ಬರ ಬೇಕೆ? ಜುಲೈ 5ರ ಶುಕ್ರವಾರ ಹಲವು ದೇಶಗಳ ಅಧಿಕಾರಿಗಳು ಒಟ್ಟಾಗಿ ಅದರ ಬಾಗಿಲು ಮುಚ್ಚಿಸಿದರು.

ಮುಚ್ಚುವಾಗ ಇದ್ದ ಒಗ್ಗಟ್ಟು ಹಂಚುವಾಗ ಉಳಿಯಲಿಲ್ಲ. ಅಮೆರಿಕದ ರಾಜ್ಯಗಳ ಅಧಿಕಾರಿಗಳು ತಮ್ಮಲ್ಲಿದ್ದ ಆಸ್ತಿಯನ್ನು ಮೊದಲು ತಮ್ಮವರಿಗಾಗಿ ಹಿಡಿದಿಟ್ಟರು. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾ ಮೂಲದ ಸಣ್ಣ ವ್ಯಾಪಾರಿಗಳ ಗಳಿಕೆ ಸಿಕ್ಕಿಬಿತ್ತು. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಸ್ಥಳೀಯ ಆಡಳಿತವೊಂದೇ 2 ಕೋಟಿ 30 ಲಕ್ಷ ಪೌಂಡ್ ಕಳೆದುಕೊಂಡಿತು. ನಮ್ಮ ಮುಂಬಯಿಯಲ್ಲೂ ಬಿಸಿಸಿಐನ ಶಾಖೆಯಿತ್ತು. ಅದನ್ನು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಅಂಗಸಂಸ್ಥೆಯೊಂದು ವಹಿಸಿಕೊಂಡಿತು. ಬಿಸಿಸಿಐನ ಆಸ್ತಿ ಹುಡುಕಿ ಹಂಚುವ ಕೆಲಸ ಮುಗಿಯಲು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಬೇಕಾಯಿತು.

ಸಾಯಲು ಬಿಡಲಾಗದಷ್ಟು ದೊಡ್ಡದು

ಈ ನಡುವೆ ಅಮೆರಿಕದಲ್ಲಿ ಬೇರೊಂದು ಪದ್ಧತಿ ಬೇರೂರುತ್ತಿತ್ತು. 1984ರಲ್ಲಿ ಅಲ್ಲಿನ ಏಳನೆಯ ದೊಡ್ಡ ಬ್ಯಾಂಕಾದ ಕಾಂಟಿನೆಂಟಲ್ ಇಲಿನಾಯ್ ಮುಳುಗುವ ಸ್ಥಿತಿಗೆ ಬಂದಾಗ, ವಿಮೆಯ ಮಿತಿಯನ್ನೂ ಮೀರಿ ಎಲ್ಲ ಠೇವಣಿದಾರರಿಗೂ ಸರ್ಕಾರಿ ಸಂಸ್ಥೆ ಅಭಯ ಕೊಟ್ಟಿತು. ಸಾಯಲು ಬಿಡಲಾಗದಷ್ಟು ದೊಡ್ಡ ಬ್ಯಾಂಕು ಎಂಬ ಹೊಸ ಜಾತಿಯೇ ಹುಟ್ಟಿತಲ್ಲ ಎಂದು ಸಂಸದ ಸ್ಟೀವರ್ಟ್ ಮೆಕಿನ್ನಿ ಸಂಸದೀಯ ವಿಚಾರಣೆಯಲ್ಲಿ ಕುಟುಕಿದರು. ಮಾತು ಪ್ರಸಿದ್ಧವಾಯಿತು, ಜಾತಿ ಬೆಳೆಯಿತು.

ಸರ್ಕಾರ ಕೈಬಿಡುವುದಿಲ್ಲವೆಂದು ಗೊತ್ತಾದರೆ ಏನಾಗುತ್ತದೆ? ಅಂಥ ಬ್ಯಾಂಕಿಗೆ ಸಾಲ ಕೊಡುವವರು ಅದರ ಲೆಕ್ಕಪತ್ರ ನೋಡುವ ಗೋಜಿಗೆ ಹೋಗುವುದಿಲ್ಲ. ಬ್ಯಾಂಕಿನ ಮುಖ್ಯಸ್ಥರು ದೊಡ್ಡ ಪಣ ಒಡ್ಡುತ್ತಾರೆ. ಗೆದ್ದರೆ ಲಾಭ ಷೇರುದಾರರಿಗೆ ಮತ್ತು ತಮ್ಮ ಬೋನಸ್ಸಿಗೆ. ಸೋತರೆ ನಷ್ಟ ತೆರಿಗೆದಾರನಿಗೆ. ಮರಣಶಾಸನ ಬರೆಸುವ ಅಗತ್ಯ ಬಿದ್ದದ್ದೇ ಈ ಅನ್ಯಾಯದಿಂದ. ಆದರೆ ಅದು ಎಲ್ಲರಿಗೂ ಮನವರಿಕೆಯಾಗಲು 2008ರವರೆಗೆ ಕಾಯಬೇಕಾಯಿತು.

ಉಯಿಲಿಲ್ಲದೆ ಸತ್ತ ಲೇಮನ್

ಜರ್ಮನಿಯ ಬವೇರಿಯಾದಿಂದ ವಲಸೆ ಬಂದ ಸಹೋದರರು 1850ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹತ್ತಿ ವ್ಯಾಪಾರದಿಂದ ಕಟ್ಟಿದ ಸಂಸ್ಥೆ ಲೇಮನ್ ಬ್ರದರ್ಸ್. 158 ವರ್ಷಗಳ ನಂತರ, 2008ರ ಸೆಪ್ಟೆಂಬರ್ 15ರ ಸೋಮವಾರ ನಸುಕಿನಲ್ಲಿ ಅದು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಸಾಲ 613 ಶತಕೋಟಿ ಡಾಲರ್ (ಒಂದು ಶತಕೋಟಿ ಎಂದರೆ ನೂರು ಕೋಟಿ). ಅಮೆರಿಕದ ಇತಿಹಾಸದಲ್ಲೇ ಅಷ್ಟು ದೊಡ್ಡ ದಿವಾಳಿ ಇರಲಿಲ್ಲ.

ಆ ವಾರಾಂತ್ಯದಲ್ಲಿ ಅಧಿಕಾರಿಗಳು ಲೇಮನ್ ಕೊಳ್ಳುವವರಿಗಾಗಿ ಹುಡುಕಾಡಿದರೇ ಹೊರತು, ಯಾರೂ ಸಿಗದಿದ್ದರೆ ಮುಂದೇನು ಎಂಬ ಸಿದ್ಧತೆ ಇರಲಿಲ್ಲ. ಲೇಮನ್ ಒಂದು ಕಂಪನಿಯಾಗಿರಲಿಲ್ಲ. ಹತ್ತಾರು ದೇಶಗಳಲ್ಲಿ ಹರಡಿದ, ತೆರಿಗೆ ಉಳಿಸಲೆಂದೋ ಕಾನೂನಿನ ಕಣ್ಣು ತಪ್ಪಿಸಲೆಂದೋ ಹುಟ್ಟಿಸಿದ ಸಾವಿರಾರು ಘಟಕಗಳ ಜಾಲ ಅದು. ಯಾವುದು ಯಾರದು, ಯಾರು ಯಾರಿಗೆ ಕೊಡಬೇಕು ಎಂಬ ನಕಾಶೆ ಯಾರ ಬಳಿಯೂ ಸಿದ್ಧವಿರಲಿಲ್ಲ. ಎಲ್ಲ ಘಟಕಗಳ ನಗದನ್ನು ಪ್ರತಿ ರಾತ್ರಿ ನ್ಯೂಯಾರ್ಕಿಗೆ ಸೆಳೆದು ಬೆಳಗ್ಗೆ ಮತ್ತೆ ಹಂಚುವುದು ಅಲ್ಲಿನ ರೂಢಿ. ಅಂದು ಬೆಳಗ್ಗೆ ಲಂಡನ್ನಿನ ಅಂಗಸಂಸ್ಥೆಗೆ ಹಣ ಮರಳಿ ಬರಲಿಲ್ಲ. ಸುಮಾರು 8 ಶತಕೋಟಿ ಡಾಲರ್ ಹೀಗೆ ಅಮೆರಿಕದ ಪಾಲಾಯಿತೆಂದು ಬ್ರಿಟನ್ನಿನವರು ಬಹುಕಾಲ ಕಹಿಯಿಂದ ಹೇಳುತ್ತಿದ್ದರು. ಲಂಡನ್ ಕಚೇರಿಯ ಮೂಲಕ ವ್ಯವಹರಿಸುತ್ತಿದ್ದ ಗ್ರಾಹಕರು ತಮ್ಮದೇ ಷೇರು, ಸಾಲಪತ್ರಗಳನ್ನು ಹಿಂಪಡೆಯಲಾಗದೆ ವರ್ಷಗಟ್ಟಲೆ ಕಾದರು. ಬೇರೆ ಬೇರೆ ದೇಶಗಳಲ್ಲಿ 75ಕ್ಕೂ ಹೆಚ್ಚು ಪ್ರತ್ಯೇಕ ದಿವಾಳಿ ಪ್ರಕರಣಗಳು ನಡೆದವು.

ಇದರಲ್ಲಿ ಒಂದು ಅಂಶ ಯೋಚಿಸುವಂತಿದೆ. ಲೇಮನ್‌ನ ಲಂಡನ್ ಸಂಸ್ಥೆಗೆ ಸಾಲ ಕೊಟ್ಟಿದ್ದವರಿಗೆ 2014ರ ಹೊತ್ತಿಗೆ ಅಸಲು ಪೂರ್ತಿ ಸಿಕ್ಕಿತು; ಮೇಲೆ ಶತಕೋಟಿಗಟ್ಟಲೆ ಪೌಂಡ್ ಉಳಿಯಿತು. ಅಂದರೆ ಆಸ್ತಿ ಇತ್ತು. ಅದನ್ನು ಹೊತ್ತಿಗೆ ಸರಿಯಾಗಿ ಬಿಡಿಸಿಕೊಡುವ ವ್ಯವಸ್ಥೆ ಇರಲಿಲ್ಲ. ಪೂರ್ವಸಿದ್ಧತೆಯಿಲ್ಲದೆ ದಿವಾಳಿಯಾದದ್ದರಿಂದಲೇ 75 ಶತಕೋಟಿ ಡಾಲರಿನಷ್ಟು ಮೌಲ್ಯ ನಾಶವಾಗಿರಬಹುದೆಂದು ಲೇಮನ್‌ನ ಉಳಿಕೆಯನ್ನು ನೋಡಿಕೊಳ್ಳಲು ನೇಮಕವಾದ ಸಂಸ್ಥೆ ಅಂದಾಜು ಮಾಡಿತ್ತು.

ಲೇಮನ್ ಸತ್ತ ಮರುದಿನವೇ ಅಮೆರಿಕ ಸರ್ಕಾರ ಎಐಜಿ ಎಂಬ ವಿಮಾ ಸಂಸ್ಥೆಯನ್ನು ಉಳಿಸಲು 85 ಶತಕೋಟಿ ಡಾಲರ್ ಸಾಲಕ್ಕೆ ಮುಂದಾಯಿತು. ಅನಂತರ ಯಾವ ದೊಡ್ಡ ಬ್ಯಾಂಕನ್ನೂ ಸಾಯಲು ಬಿಡುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಯುರೋಪಿನಲ್ಲಿ ನೆರೆಹೊರೆಯ ನಂಟು ಕೂಡ ಕಡಿಯಿತು. ಫೋರ್ಟಿಸ್ ಬ್ಯಾಂಕನ್ನು ಕೂಡಿ ಉಳಿಸೋಣವೆಂದು ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೆಪ್ಟೆಂಬರ್ 28ರಂದು 11.2 ಶತಕೋಟಿ ಯೂರೋಗೆ ಒಪ್ಪಿಕೊಂಡವು. ವಾರದೊಳಗೆ ನೆದರ್ಲೆಂಡ್ಸ್ ತನ್ನ ನೆಲದ ಭಾಗವನ್ನು 16.8 ಶತಕೋಟಿ ಕೊಟ್ಟು ಬೇರೆ ಮಾಡಿಕೊಂಡಿತು. ಐಸ್‌ಲೆಂಡಿನ ಬ್ಯಾಂಕೊಂದು ಬಿದ್ದಾಗ, ತನ್ನ ಠೇವಣಿದಾರರ ಗತಿ ಏನೆಂದು ಗಾಬರಿಯಾದ ಬ್ರಿಟನ್, ಭಯೋತ್ಪಾದನೆ ತಡೆಯಲು ಮಾಡಿದ್ದ 2001ರ ಕಾಯ್ದೆಯನ್ನೇ ಬಳಸಿ ಅದರ ಆಸ್ತಿಗೆ ತಡೆ ಹಾಕಿತು. ಮಿತ್ರರಾಷ್ಟ್ರಗಳ ನಡುವಿನ ಈ ದಾಯಾದಿ ಜಗಳವನ್ನು ಕಂಡ ಮೇಲೆ, ಬ್ಯಾಂಕುಗಳು ಬದುಕಿರುವಾಗಲೇ ಲೆಕ್ಕ ಮಾಡಿಡುವುದು ಒಳ್ಳೆಯದು ಎಂಬ ಮಾತಿಗೆ ಬೆಲೆ ಬಂತು.

ಶಾಸನದಲ್ಲಿ ಏನಿರುತ್ತದೆ?

2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಭಾರತವೂ ಸೇರಿದಂತೆ ಇಪ್ಪತ್ತು ದೊಡ್ಡ ಆರ್ಥಿಕ ಶಕ್ತಿಗಳ ನಾಯಕರು ಸೇರಿ, ದೊಡ್ಡ ಹಣಕಾಸು ಸಂಸ್ಥೆಗಳೆಲ್ಲ ಇಂಥ ಯೋಜನೆ ಬರೆಯಬೇಕೆಂದು ಕರೆ ಕೊಟ್ಟರು. 2010ರಲ್ಲಿ ಅಮೆರಿಕ 'ಡಾಡ್-ಫ್ರ್ಯಾಂಕ್' ಕಾಯ್ದೆಯ ಮೂಲಕ ಅದನ್ನು ಕಡ್ಡಾಯ ಮಾಡಿತು. 2011ರ ನವೆಂಬರಿನಲ್ಲಿ ಹಣಕಾಸು ಸ್ಥಿರತಾ ಮಂಡಳಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲ ದೇಶಗಳಿಗೂ ಅನ್ವಯಿಸುವ ಸೂತ್ರಗಳನ್ನು ಪ್ರಕಟಿಸಿ, ಜಗತ್ತಿನ ಪಾಲಿಗೆ ಅಪಾಯಕಾರಿಯಾಗುವಷ್ಟು ದೊಡ್ಡದಾದ 29 ಬ್ಯಾಂಕುಗಳ ಪಟ್ಟಿಯನ್ನೂ ಕೊಟ್ಟಿತು.

ಯೋಜನೆಯ ತಿರುಳು ಮೂರು ಸಂಗತಿಗಳಲ್ಲಿದೆ. ಮೊದಲನೆಯದು ನಕಾಶೆ. ಬ್ಯಾಂಕಿನ ಎಲ್ಲ ಘಟಕಗಳು ಯಾವುವು, ನಿಲ್ಲಿಸಬಾರದ ಕೆಲಸಗಳು ಯಾವ ಘಟಕದಲ್ಲಿ ನಡೆಯುತ್ತವೆ, ಅವಕ್ಕೆ ಬೇಕಾದ ಕಂಪ್ಯೂಟರು, ಕಟ್ಟಡ, ಸಿಬ್ಬಂದಿ ಯಾರ ಹೆಸರಿನಲ್ಲಿದ್ದಾರೆ ಎಂಬ ವಿವರ. ಎರಡನೆಯದು ಕಾಲ. ಶುಕ್ರವಾರ ಸಂಜೆ ಮಾರುಕಟ್ಟೆ ಮುಚ್ಚಿದ ಮೇಲೆ ಕೆಲಸ ಶುರುವಾದರೆ ಸೋಮವಾರ ಟೋಕಿಯೊ ತೆರೆಯುವುದರೊಳಗೆ ಮುಗಿಯಬೇಕು. ಅಷ್ಟರಲ್ಲಿ ಬ್ಯಾಂಕಿನೊಡನೆ ಕರಾರು ಮಾಡಿಕೊಂಡವರೆಲ್ಲ ಒಮ್ಮೆಗೇ ಕೈಬಿಟ್ಟು ಓಡದಂತೆ ತಡೆಯಬೇಕು. ಇದಕ್ಕಾಗಿ 2014ರಲ್ಲಿ 18 ದೊಡ್ಡ ಬ್ಯಾಂಕುಗಳು, ತಮ್ಮಲ್ಲೊಬ್ಬರು ಬಿದ್ದರೆ ಕರಾರು ಮುರಿಯುವ ಮುನ್ನ ಸ್ವಲ್ಪ ಕಾಲ ತಾಳಿಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡವು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ನಷ್ಟದ ಸರದಿ. ಮೊದಲು ಷೇರುದಾರರು, ಅನಂತರ ಬ್ಯಾಂಕಿನ ಸಾಲಪತ್ರ ಕೊಂಡ ದೊಡ್ಡ ಹೂಡಿಕೆದಾರರು. ಅವರ ಸಾಲವನ್ನು ರದ್ದುಮಾಡಿ ಅಥವಾ ಷೇರುಗಳಾಗಿ ಪರಿವರ್ತಿಸಿ ಬ್ಯಾಂಕಿಗೆ ಹೊಸ ಬಂಡವಾಳ ತುಂಬುವುದು. ಹೊರಗಿನಿಂದ ಸರ್ಕಾರ ಹಣ ಸುರಿಯುವುದು 'ಬೇಲ್-ಔಟ್' ಆದರೆ ಇದು 'ಬೇಲ್-ಇನ್'. ಅಮೆರಿಕ ಮತ್ತು ಬ್ರಿಟನ್ನಿನ ಅಧಿಕಾರಿಗಳು 2012ರಲ್ಲಿ ಕೂಡಿ ಪ್ರಕಟಿಸಿದ ಸೂಚನೆಯೆಂದರೆ, ನಷ್ಟವನ್ನೆಲ್ಲ ಮೇಲಿನ ಮಾತೃಸಂಸ್ಥೆಗೆ ಎಳೆದು ಅಲ್ಲಿಯೇ ಚುಕ್ತಾ ಮಾಡಬೇಕು. ಕೆಳಗಿನ ಶಾಖೆಗಳು ಸೋಮವಾರ ಎಂದಿನಂತೆ ಬಾಗಿಲು ತೆರೆಯಬೇಕು. ಹೀಗೆ ಮಾಡಲು ಸುಡುವುದಕ್ಕೆ ಕಟ್ಟಿಗೆ ಇರಬೇಕಲ್ಲ? ಅದಕ್ಕೇ 2015ರ ನಿಯಮದಂತೆ ಅಪಾಯಕ್ಕೆ ತಕ್ಕ ತೂಕ ಹಾಕಿ ಲೆಕ್ಕಮಾಡಿದ ಆಸ್ತಿಯ ಶೇಕಡ 16ರಷ್ಟನ್ನು 2019ರಿಂದ, ಶೇಕಡ 18ರಷ್ಟನ್ನು 2022ರಿಂದ ಬ್ಯಾಂಕುಗಳು ಇಂಥ ನಷ್ಟ ಹೊರುವ ರೂಪದಲ್ಲಿ ಇಟ್ಟುಕೊಳ್ಳಬೇಕಾಯಿತು.

ಉಯಿಲು ಬರೆದರೆ ಸಾಲದು, ಅದು ನಡೆಯುವಂತಿರಬೇಕು. ಅಮೆರಿಕದ ಬ್ಯಾಂಕುಗಳು 2012ರಿಂದ ಸಾವಿರಾರು ಪುಟಗಳ ಯೋಜನೆಗಳನ್ನು ಒಪ್ಪಿಸತೊಡಗಿದವು. 2014ರಲ್ಲಿ ಅಧಿಕಾರಿಗಳು 11 ಬ್ಯಾಂಕುಗಳ ಯೋಜನೆಗಳಲ್ಲಿ ದೋಷ ಹಿಡಿದರು. ಸಂಕಟದ ದಿನ ಗಿರಾಕಿಗಳೂ ಮಾರುಕಟ್ಟೆಯೂ ಸೌಮ್ಯವಾಗಿ ವರ್ತಿಸುತ್ತಾರೆಂಬ ಊಹೆಯ ಮೇಲೆ ಅವು ನಿಂತಿದ್ದವು. 2016ರಲ್ಲಿ ಐದು ಭಾರಿ ಬ್ಯಾಂಕುಗಳ ಯೋಜನೆಗಳು ಮತ್ತೆ ತಿರಸ್ಕೃತವಾದವು. ತಪ್ಪು ತಿದ್ದಿಕೊಳ್ಳದ ವೆಲ್ಸ್ ಫಾರ್ಗೊ ಕೆಲಕಾಲ ಹೊಸ ಅಂತರರಾಷ್ಟ್ರೀಯ ಘಟಕ ತೆರೆಯುವಂತಿಲ್ಲ ಎಂಬ ನಿರ್ಬಂಧವನ್ನೂ ಎದುರಿಸಿತು. 2024ರಲ್ಲಿ ಕೂಡ ಎಂಟರಲ್ಲಿ ನಾಲ್ಕು ಬ್ಯಾಂಕುಗಳ ಯೋಜನೆಗಳಲ್ಲಿ ಕೊರತೆ ಕಂಡುಬಂತು. ಈ ಪರೀಕ್ಷೆಯಿಂದ ಒಂದು ಲಾಭವಾಗದೆ ಹೋಗಲಿಲ್ಲ. ತಮ್ಮ ಒಳಜಾಲವನ್ನು ತಾವೇ ಮೊದಲ ಬಾರಿ ಬಿಡಿಸಿ ನೋಡಬೇಕಾಗಿ ಬಂದಾಗ ಬ್ಯಾಂಕುಗಳು ಬೇಡದ ಘಟಕಗಳನ್ನು ಮುಚ್ಚಿ, ಅಗತ್ಯ ಸೇವೆಗಳನ್ನು ಬೇರೆ ಮಾಡಿಕೊಂಡವು.

ಪೆಟ್ಟಿಗೆಯಲ್ಲೇ ಉಳಿದ ಉಯಿಲು

ನಿಜವಾದ ಪರೀಕ್ಷೆ ಬಂದದ್ದು 2023ರ ಮಾರ್ಚಿನಲ್ಲಿ, ಬ್ಯಾಂಕುಗಳ ತವರೆನಿಸಿದ ಸ್ವಿಟ್ಜರ್ಲೆಂಡಿನಲ್ಲಿ. ಕ್ರೆಡಿಟ್ ಸ್ವೀಸ್ ಬ್ಯಾಂಕನ್ನು 1856ರಲ್ಲಿ ಆಲ್ಫ್ರೆಡ್ ಎಷರ್ ರೈಲುಮಾರ್ಗಗಳಿಗೆ ಹಣ ಒದಗಿಸಲೆಂದು ಸ್ಥಾಪಿಸಿದ್ದರು. ಒಂದರ ಹಿಂದೊಂದು ಹಗರಣಗಳಿಂದ ಅದರ ಹೆಸರು ಕೆಟ್ಟಿತ್ತು. 2021ರಲ್ಲಿ ಆರ್ಕೆಗೋಸ್ ಎಂಬ ಒಂದೇ ಗಿರಾಕಿಯಿಂದ ಅದಕ್ಕೆ ಸುಮಾರು 5.5 ಶತಕೋಟಿ ಡಾಲರ್ ನಷ್ಟವಾಗಿತ್ತು. 2022ರ ಕೊನೆಯ ಮೂರು ತಿಂಗಳಲ್ಲಿ ಗಿರಾಕಿಗಳು 110 ಶತಕೋಟಿ ಫ್ರಾಂಕುಗಳಿಗೂ ಹೆಚ್ಚು ಹಣ ಹಿಂದೆಗೆದರು. ಮಾರ್ಚ್ 10ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ಎಲ್ಲೆಡೆ ಭಯ ಹಬ್ಬಿತು. 15ರಂದು ಕ್ರೆಡಿಟ್ ಸ್ವೀಸ್‌ನ ದೊಡ್ಡ ಷೇರುದಾರನಾದ ಸೌದಿ ಬ್ಯಾಂಕಿನ ಅಧ್ಯಕ್ಷರು ಇನ್ನು ಹಣ ಹಾಕುವುದಿಲ್ಲ ಎಂದರು. ಷೇರು ಬೆಲೆ ಪಾತಾಳಕ್ಕಿಳಿಯಿತು. ಸ್ವಿಸ್ ಕೇಂದ್ರೀಯ ಬ್ಯಾಂಕು 50 ಶತಕೋಟಿ ಫ್ರಾಂಕುಗಳವರೆಗೆ ನೆರವು ಘೋಷಿಸಿದರೂ ಗಿರಾಕಿಗಳು ನಿಲ್ಲಲಿಲ್ಲ.

ಇದು ಲೇಮನ್‌ನಂತೆ ಉಯಿಲಿಲ್ಲದ ಸಾವಲ್ಲ. ಸ್ವಿಸ್ ಅಧಿಕಾರಿಗಳು ವರ್ಷಗಳಿಂದ ಅಮೆರಿಕ, ಬ್ರಿಟನ್ನಿನ ಅಧಿಕಾರಿಗಳೊಡನೆ ಕುಳಿತು ಈ ಬ್ಯಾಂಕಿನ ಸಾವಿನ ಯೋಜನೆ ಬರೆದಿದ್ದರು. ಬರೆದ ಪ್ರಕಾರ ನಷ್ಟವನ್ನು ಸಾಲಪತ್ರದಾರರಿಗೆ ಹಾಕಿ ಬ್ಯಾಂಕನ್ನು ಸೋಮವಾರ ತೆರೆಯಬಹುದಿತ್ತು. ಆದರೆ ಆ ಭಾನುವಾರ, ಮಾರ್ಚ್ 19ರಂದು, ಸರ್ಕಾರ ಉಯಿಲನ್ನು ಪೆಟ್ಟಿಗೆಯಲ್ಲೇ ಬಿಟ್ಟಿತು. ತುರ್ತು ಆಜ್ಞೆ ಹೊರಡಿಸಿ, ಷೇರುದಾರರ ಮತವನ್ನೂ ಕೇಳದೆ, ಪ್ರತಿಸ್ಪರ್ಧಿ ಯುಬಿಎಸ್ ಬ್ಯಾಂಕಿಗೆ 3 ಶತಕೋಟಿ ಫ್ರಾಂಕುಗಳಿಗೆ ಅದನ್ನು ಒಪ್ಪಿಸಿತು. ಕೇಂದ್ರೀಯ ಬ್ಯಾಂಕಿನಿಂದ ಬೃಹತ್ ಸಾಲ, ಯುಬಿಎಸ್‌ಗೆ ನಷ್ಟವಾದರೆ 9 ಶತಕೋಟಿವರೆಗೆ ಸರ್ಕಾರದ ಭರವಸೆ. ಇಡೀ ಪ್ರಪಂಚಕ್ಕೆ ಗಾಬರಿ ಹರಡಿದ್ದ ವಾರದಲ್ಲಿ ಪರೀಕ್ಷೆಯಾಗದ ಯೋಜನೆಯನ್ನು ಪ್ರಯೋಗಿಸಿದ್ದರೆ ಅಂತರರಾಷ್ಟ್ರೀಯ ಬಿಕ್ಕಟ್ಟೇ ಎದ್ದೀತು ಎಂದು ಹಣಕಾಸು ಸಚಿವೆ ಕರಿನ್ ಕೆಲ್ಲರ್-ಸುಟ್ಟರ್ ಸಮರ್ಥಿಸಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಹಣಕಾಸು ಸ್ಥಿರತಾ ಮಂಡಳಿ, ಬರೆದಿಟ್ಟ ಯೋಜನೆಯೂ ನಡೆಸಬಹುದಾದ ಮಾರ್ಗವೇ ಆಗಿತ್ತು ಎಂದು ವರದಿ ಕೊಟ್ಟಿತು.

ನಷ್ಟದ ಸರದಿಯೂ ಏರುಪೇರಾಯಿತು. ಷೇರುದಾರರಿಗೆ 3 ಶತಕೋಟಿ ಸಿಕ್ಕಿದರೆ, ಅವರಿಗಿಂತ ಮುಂದಿರಬೇಕಿದ್ದ ಒಂದು ವರ್ಗದ ಸಾಲಪತ್ರದಾರರು 16 ಶತಕೋಟಿ ಫ್ರಾಂಕುಗಳನ್ನು ಪೂರ್ತಿ ಕಳೆದುಕೊಂಡರು. ಆ ಸಾಲಪತ್ರಗಳ ಕರಾರಿನಲ್ಲಿ ಅದಕ್ಕೆ ಅವಕಾಶವಿತ್ತೆಂದು ಅಧಿಕಾರಿಗಳು ಹೇಳಿದರು. 2025ರ ಅಕ್ಟೋಬರಿನಲ್ಲಿ ಸ್ವಿಸ್ ಆಡಳಿತ ನ್ಯಾಯಾಲಯ ಈ ರದ್ದತಿ ಕಾನೂನಿಗೆ ವಿರುದ್ಧ ಎಂದಿತು; ಅಧಿಕಾರಿಗಳು ಮೇಲ್ಮನವಿ ಹೂಡಿದರು. ಸರ್ಕಾರದ ಭರವಸೆಯನ್ನು ಯುಬಿಎಸ್ ಕೆಲವೇ ತಿಂಗಳಲ್ಲಿ ಹಿಂದಿರುಗಿಸಿದ್ದರಿಂದ ತೆರಿಗೆದಾರರು ಬಚಾವಾದರು. ಆದರೆ ಎರಡು ದೊಡ್ಡ ಬ್ಯಾಂಕುಗಳಿದ್ದ ದೇಶದಲ್ಲಿ ಈಗ ಒಂದೇ ಉಳಿದಿದೆ, ಮತ್ತು ಅದರ ಲೆಕ್ಕಪತ್ರ ದೇಶದ ವಾರ್ಷಿಕ ಉತ್ಪನ್ನಕ್ಕಿಂತ ದೊಡ್ಡದು. ಮುಂದೆ ಅದಕ್ಕೇ ಕಷ್ಟ ಬಂದರೆ ಒಪ್ಪಿಸಲು ಇನ್ನೊಂದು ಸ್ವಿಸ್ ಬ್ಯಾಂಕಿಲ್ಲ.

ಹಾಗೆಂದು ಬರೆದದ್ದೆಲ್ಲ ವ್ಯರ್ಥವಲ್ಲ. 2017ರ ಜೂನಿನಲ್ಲಿ ಸ್ಪೇನಿನ ಬಾಂಕೊ ಪಾಪುಲರ್ ಮುಳುಗಿದಾಗ ಯುರೋಪಿನ ಹೊಸ ವ್ಯವಸ್ಥೆ ಒಂದೇ ರಾತ್ರಿಯಲ್ಲಿ ಅದನ್ನು ಒಂದು ಯೂರೋಗೆ ಸಾಂತಾಂದೆರ್ ಬ್ಯಾಂಕಿಗೆ ಕೊಟ್ಟಿತು. ಷೇರುದಾರರೂ ಕೆಳವರ್ಗದ ಸಾಲಪತ್ರದಾರರೂ ನಷ್ಟ ಹೊತ್ತರು. ಮರುದಿನ ಬೆಳಗ್ಗೆ ಗಿರಾಕಿಗಳು ಎಂದಿನಂತೆ ಹಣ ತೆಗೆದರು.

ನಮ್ಮ ಅಂಗಳದಲ್ಲಿ

ಭಾರತದಲ್ಲೂ ಈ ಪ್ರಶ್ನೆ ಹಳೆಯದೇ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಚ್ಚಿದಾಗ ಎದ್ದ ಕೋಲಾಹಲದ ಫಲವಾಗಿ 1962ರಲ್ಲಿ ಠೇವಣಿ ವಿಮೆ ಬಂತು. ಆಗ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷ, 2020ರಲ್ಲಿ 5 ಲಕ್ಷ. ವಿಮೆ ಠೇವಣಿದಾರನಿಗೆ ಧೈರ್ಯ ಕೊಡುತ್ತದೆ, ಆದರೆ ದೊಡ್ಡ ಬ್ಯಾಂಕನ್ನು ಹೇಗೆ ಮುಚ್ಚಬೇಕೆಂದು ಹೇಳುವುದಿಲ್ಲ. ಅದನ್ನು ಹೇಳಲೆಂದು 2017ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ಅದರಲ್ಲಿದ್ದ 'ಬೇಲ್-ಇನ್' ಎಂಬ ಪದ ಕೇಳಿ ಜನ ಬೆಚ್ಚಿದರು. 2013ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಮೆಯ ಮಿತಿ ಮೀರಿದ ಠೇವಣಿಯ ಶೇಕಡ 47.5ರಷ್ಟನ್ನು ಒಂದು ಬ್ಯಾಂಕು ಷೇರುಗಳಾಗಿ ಬದಲಾಯಿಸಿದ ಸುದ್ದಿ ಹಸಿಯಾಗಿತ್ತು. ನಿವೃತ್ತರ ಗಂಟಿಗೇ ಕೈಹಾಕುತ್ತಾರೆಂಬ ಭಯ ಹಬ್ಬಿ, 2018ರ ಆಗಸ್ಟಿನಲ್ಲಿ ಸರ್ಕಾರ ಮಸೂದೆ ಹಿಂತೆಗೆದುಕೊಂಡಿತು.

ಭಯ ಅಕಾರಣವಲ್ಲ. ಆದರೆ ಮಸೂದೆ ಹೋದೊಡನೆ ಪ್ರಶ್ನೆ ಹೋಗಲಿಲ್ಲ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕ್ ತತ್ತರಿಸಿದಾಗ ಸ್ಟೇಟ್ ಬ್ಯಾಂಕಿನ ನೇತೃತ್ವದಲ್ಲಿ ಇತರ ಬ್ಯಾಂಕುಗಳು ಬಂಡವಾಳ ಹಾಕಬೇಕಾಯಿತು. ಅದರ ಒಂದು ವರ್ಗದ ಸಾಲಪತ್ರಗಳಲ್ಲಿದ್ದ 8,400 ಕೋಟಿ ರೂಪಾಯಿಗೂ ಹೆಚ್ಚು ಹಣ ರದ್ದಾಗಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೂರು ವರ್ಷದ ನಂತರ ಜೂರಿಚ್‌ನಲ್ಲಿ ನಡೆದದ್ದೂ ಇದರ ಹಾಗೆಯೇ.

ಬ್ಯಾಂಕು ಸತ್ತಾಗ ನಷ್ಟ ಮಾಯವಾಗುವುದಿಲ್ಲ. ಯಾರಾದರೊಬ್ಬರ ತಲೆಗೆ ಬಂದೇ ಬರುತ್ತದೆ. ಯಾರ ತಲೆಗೆ ಎಂಬುದನ್ನು ಶಾಂತ ಕಾಲದಲ್ಲಿ, ಸಂಸತ್ತಿನಲ್ಲಿ, ಎಲ್ಲರ ಎದುರು ಚರ್ಚಿಸಿ ಬರೆದಿಡುವುದೇ ಮರಣಶಾಸನದ ಅರ್ಥ. ಬರೆಯದಿದ್ದರೆ ಅಥವಾ ಬರೆದದ್ದನ್ನು ನಡೆಸುವ ಧೈರ್ಯವಿಲ್ಲದಿದ್ದರೆ, ಅದನ್ನು ಒಂದು ಭಾನುವಾರ ರಾತ್ರಿ, ಮುಚ್ಚಿದ ಬಾಗಿಲ ಹಿಂದೆ, ಕೆಲವರು ಅವಸರದಲ್ಲಿ ತೀರ್ಮಾನಿಸುತ್ತಾರೆ. ಆಗ ಆ ಕೋಣೆಯಲ್ಲಿ ಕುಳಿತಿರುವುದು ದೊಡ್ಡವರ ವಕೀಲರು. ಪಾಸ್‌ಬುಕ್ ಹಿಡಿದು ಸೋಮವಾರ ಬೆಳಗ್ಗೆ ಬಾಗಿಲು ತೆರೆಯಲೆಂದು ಕಾಯುವವನಿಗೆ ಅಲ್ಲಿ ಕುರ್ಚಿ ಇರುವುದಿಲ್ಲ.